ಟೇಪಿನ ತುದಿ ಯಾರ ಕೈಯಲ್ಲಿತ್ತು

ಆಕೆ ಯಾರ ಮನೆಗೆ ಹೋದರೂ ಮೊದಲು ಮೂಗಿನಿಂದ ನೋಡುತ್ತಾಳೆ. ಹೊಸ ಬಣ್ಣದ ವಾಸನೆ ಬಂದರೆ ಅನುಮಾನ. ಒಂದೇ ಮೂಲೆಗೆ ಬಣ್ಣ ಬಳಿದಿದ್ದರೆ ಇನ್ನೂ ಅನುಮಾನ. ಕಪಾಟು ಗೋಡೆಗೆ ತೀರಾ ಒತ್ತಿಕೊಂಡು ನಿಂತಿದ್ದರೆ ಹಿಂದೆ ಬಿರುಕು ಇದ್ದೇ ಇದೆ ಎಂದುಕೊಂಡು ಬೆರಳು ತೂರಿಸುತ್ತಾಳೆ. ನಲ್ಲಿ ತಿರುಗಿಸುತ್ತಾಳೆ, ಕಾಲೊರಸು ಎತ್ತಿ ಇಣುಕುತ್ತಾಳೆ. ಜನ ವಾಸಿಸುವ ಮನೆಗಳಿಗೆ ಬೆಲೆ ಕಟ್ಟುವುದು ಆಕೆಯ ಕೆಲಸ. ಅದಕ್ಕೆ ಪರವಾನಗಿ ಇದೆ. ಎರಡು ವರ್ಷದಲ್ಲಿ ಸಿಗಬೇಕಾಗಿದ್ದ ಆ ಕಾಗದಕ್ಕೆ ನಾಲ್ಕು ವರ್ಷಕ್ಕೂ ಮೇಲೆ ಹಿಡಿಯಿತು. ನಡುವೆ ಅಡ್ಡ ಬಂದದ್ದು ಅರ್ಧ ಅಡಿ.

ಹದಿನೆಂಟು ವರ್ಷ ಆಕೆ ಹೊಲಿಗೆ ಮಷೀನು ತುಳಿದವಳು. ಬೀದಿಯವರಿಗೆ ಇವತ್ತಿಗೂ ಟೈಲರಕ್ಕ. ನಲವತ್ತಕ್ಕೆ ಕಣ್ಣು ಮುಷ್ಕರ ಹೂಡಿದವು. ಸಣ್ಣ ಕೆಲಸ ಬಿಡಿ, ಇಲ್ಲದಿದ್ದರೆ ಇರುವುದೂ ಹೋಗುತ್ತದೆ ಎಂದರು ಡಾಕ್ಟರು. ಎಪ್ಪತ್ತು ದಾಟಿದ ಅತ್ತೆ ಪಕ್ಕದಲ್ಲಿ ಕೂತು ಸೂಜಿಗೆ ದಾರ ಪೋಣಿಸಿಕೊಡುತ್ತಿದ್ದಳು.

"ಸೊಸೆ ಬಂದ್ಮೇಲೆ ಕೂತು ತಿನ್ನೋಣ ಅಂದ್ಕೊಂಡಿದ್ದೆ. ಈಗ ನಿಂಗೆ ನಾನು ಅಸಿಸ್ಟೆಂಟು," ಎಂದು ಗೊಣಗುತ್ತಿದ್ದಳು.

ದೂರದಿಂದ ನೋಡಿ ಮಾಡುವ ಕೆಲಸ ಯಾವುದು ಎಂದು ಹುಡುಕಿ ಹುಡುಕಿ ಟೈಲರಕ್ಕ ಮೌಲ್ಯಮಾಪನದ ತರಗತಿಗೆ ಸೇರಿದಳು. ಪರೀಕ್ಷೆ ಒಂದೇ ಏಟಿಗೆ ಪಾಸಾದಳು. ಆದರೆ ಪಾಸಾದ ಮಾತ್ರಕ್ಕೆ ಪರವಾನಗಿ ಕೊಡುವುದಿಲ್ಲ. ಎರಡು ವರ್ಷ ಪರವಾನಗಿಯುಳ್ಳ ಹಿರಿಯರೊಬ್ಬರ ಕೈಕೆಳಗೆ ಮನೆ ಮನೆ ಸುತ್ತಬೇಕು. ಅಳೆದ ಪ್ರತಿ ಮನೆಯನ್ನೂ ಒಂದು ರಿಜಿಸ್ಟರಿನಲ್ಲಿ ಬರೆಯಬೇಕು. ಕೊನೆಗೆ ಆ ಹಿರಿಯರು ಅದಕ್ಕೆ ಸಹಿ ಹಾಕಬೇಕು. ಸಹಿ ಬೀಳದಿದ್ದರೆ ಎರಡು ವರ್ಷ ಗಾಳಿಗೆ ಹೋದಂತೆ. ಒಬ್ಬ ಮನುಷ್ಯನ ಪೆನ್ನಿಗೆ ಇನ್ನೊಬ್ಬರ ಅನ್ನವನ್ನು ಕಟ್ಟಿಹಾಕಿ ಅದಕ್ಕೆ ತರಬೇತಿ ಎಂದು ಹೆಸರಿಡುವ ಬುದ್ಧಿವಂತರಿಗೆ ಏನು ಹೇಳೋಣ?

ಆಕೆಗೆ ಸಿಕ್ಕ ಹಿರಿಯರನ್ನು ಎಲ್ಲರೂ ದೊಡ್ಡ ಸಾರ್ ಎನ್ನುತ್ತಿದ್ದರು. ಮೂವತ್ತು ವರ್ಷದ ಅನುಭವ, ಮೆತ್ತಗಿನ ಮಾತು. ಯಾವ ಬ್ಯಾಂಕಿನವರಿಗೂ ಅವರೇ ಬೇಕು. ಅಳೆಯುವಾಗ ಅವರದೊಂದು ಪದ್ಧತಿ.

"ತುದಿ ನಾನು ಹಿಡೀತೀನಮ್ಮ. ನೀನು ಆ ಕಡೆಯಿಂದ ಓದಿ ಬರ್ಕೋ."

ನೂರು ಅಡಿಯ ಹಳೆಯ ಟೇಪು ಅದು. ಹಿಡಿಯುವ ಕಬ್ಬಿಣದ ಬಳೆಯಿರುವ ತುದಿಗೆ ಕರೀ ಇನ್ಸುಲೇಷನ್ ಟೇಪು ಸುತ್ತಿತ್ತು, ಹರಿಯದಿರಲಿ ಎಂದು. ಅವಳಿಗೆ ಅವರು ಕೊಡುತ್ತಿದ್ದದ್ದೆಲ್ಲ ಬೆಂಕಿಪೆಟ್ಟಿಗೆಯಂಥ ನಾಲ್ಕು ಮೂಲೆಯ ಮನೆಗಳು. ಮೂಲೆ ಹೆಚ್ಚಿರುವ, ಒಳಗೊಂದು ಹೊರಗೊಂದು ತಿರುವಿರುವ ಮನೆ ಬಂದರೆ, "ಸೊಟ್ಟ ಮನೆ ನಿಂಗೆ ಬೇಡ, ತಲೆ ಕೆಡುತ್ತೆ," ಎಂದು ತಾವೊಬ್ಬರೇ ಹೋಗಿ ಬರುತ್ತಿದ್ದರು. ಸಂಜೆ ಹೊಟ್ಟೆಪಾಡಿನ ಹೊಲಿಗೆಗೆ ಕೂತಾಗ ಟೈಲರಕ್ಕ ಇದನ್ನು ಮನೆಯಲ್ಲಿ ಹೇಳಿ ಹೊಗಳಿದಳು.

ಅತ್ತೆ ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿಕೊಳ್ಳುತ್ತ ಕೇಳಿದಳು. "ಅಷ್ಟೊಂದು ಒಳ್ಳೇತನ ಯಾಕಂತೆ ಅವನಿಗೆ?"

"ನಿಮಗೆ ಎಲ್ಲರ ಮೇಲೂ ಅನುಮಾನ, ಅತ್ತೆ."

"ಎಲ್ಲರ ಮೇಲೂ ಅಲ್ಲ. ಒಳ್ಳೆಯವರ ಮೇಲೆ ಮಾತ್ರ."

ಎರಡು ವರ್ಷ ತುಂಬುತ್ತ ಬಂತು. ರಿಜಿಸ್ಟರಿನಲ್ಲಿ ನೂರ ಹದಿಮೂರು ಮನೆ. ಅರ್ಜಿ ಕೊಡಲು ಶುಕ್ರವಾರ ಕೊನೆಯ ದಿನ. ಬುಧವಾರ ದೊಡ್ಡ ಸಾರ್ ದವಡೆಹಲ್ಲು ಕೀಳಿಸಿಕೊಂಡು ಕೂತಿದ್ದರು. ಬ್ಯಾಂಕಿನವರು ಅವಸರ ಮಾಡಿದರು. ಕಡತದ ಹಳೆಯ ನಕ್ಷೆಯಲ್ಲಿ ಮನೆ ನಾಲ್ಕೇ ಮೂಲೆಯದು. ಸಾರ್ ತಮ್ಮ ಟೇಪು ಕೊಟ್ಟು ಅವಳೊಬ್ಬಳನ್ನೇ ಕಳಿಸಿದರು.

ಮನೆ ಒಬ್ಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರದು. ನಕ್ಷೆಯಲ್ಲಿಲ್ಲದ ಒಂದು ಕೋಣೆಯನ್ನು ಅವರು ಹಿಂದೆ ಸೇರಿಸಿಕೊಂಡಿದ್ದರು. ಮನೆ ಈಗ ಆರು ಮೂಲೆಯದು. ಇವಳು ತಮ್ಮ ಮನೆಯನ್ನು ಕಡಿಮೆ ತೋರಿಸಿಬಿಡುತ್ತಾಳೆಂದು ಮೇಷ್ಟ್ರು ಬೆನ್ನಿಗೇ ಬಿದ್ದಿದ್ದರಿಂದ, ತುದಿಯನ್ನು ಅವರ ಕೈಗೇ ಕೊಟ್ಟಳು.

ಮುಂಭಾಗ ನಲವತ್ತೂವರೆ ಅಡಿ. ಹಿಂಭಾಗ ಎರಡು ತುಂಡು: ಹದಿನೈದೂವರೆ, ಇಪ್ಪತ್ತೈದೂವರೆ. ಕೂಡಿದರೆ ನಲವತ್ತೊಂದು. ಮನೆಯ ಹಿಂದು ಮುಂದಿಗಿಂತ ಅರ್ಧ ಅಡಿ ಅಗಲ.

"ಮೇಷ್ಟ್ರೇ, ಸರಿಯಾಗಿ ಹಿಡೀರಿ."

"ಮೂವತ್ತು ವರ್ಷ ಸ್ಕೇಲು ಹಿಡಿದ ಕೈ ಇದು."

"ಹಾಗಾದ್ರೆ ಗೋಡೆ ಸೊಟ್ಟ ಇರ್ಬೇಕು."

ಮೇಷ್ಟ್ರಿಗೆ ಮೈ ಉರಿಯಿತು. ಒಳಗೆ ಹೋಗಿ ಮರದ ಮೂಲೆಮಟ್ಟ ತಂದು ಆರೂ ಮೂಲೆಗೆ ಇಟ್ಟು ತೋರಿಸಿದರು. ಒಂದು ಕೂದಲಿನಷ್ಟೂ ಸೊಟ್ಟ ಇಲ್ಲ. ಅವಳು ಎಡಬಲ ಅಳೆದಳು. ಎಡಗಡೆ ಒಂದೇ ಗೋಡೆ, ನಲವತ್ತೆರಡೂವರೆ. ಬಲಗಡೆ ಎರಡು ತುಂಡು ಸೇರಿ ನಲವತ್ಮೂರು. ಇಲ್ಲೂ ಅರ್ಧ ಅಡಿ. ಮೂರು ಸಲ ಅಳೆದರೂ ಅದೇ.

ಕೈತಪ್ಪಿ ಆದ ತಪ್ಪು ಇಷ್ಟು ಶಿಸ್ತಾಗಿರುವುದಿಲ್ಲ. ಬಟ್ಟೆ ಕತ್ತರಿಸಿದವಳಿಗೆ ಅದು ಗೊತ್ತು. ಅವಳು ಕೈಚೀಲದ ತಳದಿಂದ ತನ್ನ ಹಳೆಯ ಹೊಲಿಗೆ ಟೇಪು ತೆಗೆದು, ದೊಡ್ಡ ಸಾರ್ ಟೇಪಿನ ತುದಿಯ ಪಕ್ಕ ಇಟ್ಟಳು. ಒಂದು ಅಡಿ ಎಂದು ಬರೆದ ಗುರುತು ಬಳೆಯಿಂದ ಅರ್ಧ ಅಡಿಗೇ ಬಂದುಬಿಟ್ಟಿತ್ತು. ಕರೀ ಸುತ್ತನ್ನು ಬಿಚ್ಚಿದಳು. ಮೊದಲ ಅರ್ಧ ಅಡಿಯನ್ನು ನೀಟಾಗಿ ಕತ್ತರಿಸಿ, ಬಳೆಯನ್ನು ಅಲ್ಲಿಗೆ ಕೂಡಿಸಿದ್ದರು. ಆ ಟೇಪಿನಲ್ಲಿ ಏನನ್ನು ಅಳೆದರೂ ಅರ್ಧ ಅಡಿ ಹೆಚ್ಚು. ನಾಲ್ಕು ಮೂಲೆಯ ಮನೆಯಲ್ಲಿ ಎದುರುಬದುರು ಗೋಡೆಗಳು ಒಂದೊಂದೇ ಸುಳ್ಳು ಹೇಳುತ್ತವೆ, ತಾಳೆಯಾಗುತ್ತವೆ. ಆರು ಮೂಲೆಯ ಮನೆಯಲ್ಲಿ ಒಂದು ಕಡೆ ಒಂದು ಸುಳ್ಳು, ಇನ್ನೊಂದು ಕಡೆ ಎರಡು.

ಸೊಟ್ಟ ಮನೆ ನಿಂಗೆ ಬೇಡ ಎಂದದ್ದು ಯಾಕೆಂದು ಆಗ ತಿಳಿಯಿತು. ನಲವತ್ತು–ಮೂವತ್ತರ ಮನೆಗೆ ಈ ಅರ್ಧ ಅಡಿ ಒಂದು ಬಚ್ಚಲಿನಷ್ಟು ಜಾಗ ಸೇರಿಸುತ್ತದೆ. ಎರಡು ವರ್ಷದಿಂದ ಅವಳು ನೂರ ಹದಿಮೂರು ಮನೆಗಳಲ್ಲಿ ಇಲ್ಲದ ಜಾಗವನ್ನು ತನ್ನ ಕೈಯಾರೆ ಬರೆದಿದ್ದಳು. ಕೊಂಡವರು ಆ ಜಾಗದ ಬೆಲೆಯನ್ನು ಇವತ್ತಿಗೂ ತೆರುತ್ತಿದ್ದಾರೆ.

ದೊಡ್ಡ ಸಾರ್ ಊದಿದ ಕೆನ್ನೆಗೆ ಕರವಸ್ತ್ರ ಒತ್ತಿಕೊಂಡು ಕಚೇರಿಯಲ್ಲಿದ್ದರು. ಅವಳು ಟೇಪನ್ನು ಬಿಚ್ಚಿದ ತುದಿ ಕಾಣುವಂತೆ ಮೇಜಿನ ಮೇಲಿಟ್ಟಳು. ಅವರು ಅದನ್ನು ನೋಡಿದರು. ಆಶ್ಚರ್ಯಪಡಲಿಲ್ಲ.

"ಹಳೇ ಟೇಪು ಕಣಮ್ಮ, ತುದಿ ಹೋಗಿತ್ತು. ಇದ್ರಿಂದ ಯಾರಿಗೆ ತೊಂದ್ರೆ ಆಗಿದೆ ಹೇಳು. ಮಾರೋರಿಗೆ ಖುಷಿ, ಸಾಲ ದೊಡ್ಡದಾಗುತ್ತೆ ಅಂತ ಬ್ಯಾಂಕಿನವರಿಗೆ ಖುಷಿ."

"ಕೊಳ್ಳೋರಿಗೆ, ಸಾರ್?"

"ಅವರು ಗೃಹಪ್ರವೇಶದ ದಿನ ಟೇಪು ಹಿಡ್ಕೊಂಡು ಬರ್ತಾರಾ?" ನಗಲು ಹೋಗಿ ಕೆನ್ನೆ ಹಿಡಿದುಕೊಂಡರು. ರಿಜಿಸ್ಟರನ್ನು ಹತ್ತಿರ ಎಳೆದುಕೊಂಡು ಪೆನ್ನು ಬಿಚ್ಚಿದರು. "ನಾಡಿದ್ದು ಕೊನೇ ದಿನ. ಸಹಿ ಹಾಕ್ತೀನಿ, ತಗೊಂಡ್ಹೋಗು. ನಿನ್ನ ಕಣ್ಣಿನ ವಿಷ್ಯ ನಂಗೆ ನೆನಪಿದೆ."

"ಒಂದ್ನಿಮಿಷ, ಸಾರ್. ಒಂದು ಸಾಲು ಬಾಕಿ ಇದೆ."

ರಿಜಿಸ್ಟರನ್ನು ತನ್ನ ಕಡೆ ತಿರುಗಿಸಿಕೊಂಡು, ಸಹಿಯ ಜಾಗದ ಮೇಲೆ ಬರೆದಳು: "ಈ ನೂರ ಹದಿಮೂರು ಮನೆಗಳ ಪ್ರತಿ ಗೋಡೆಯ ಅಳತೆಯೂ ಅರ್ಧ ಅಡಿ ಹೆಚ್ಚಿದೆ. ಟೇಪಿನ ತುದಿಯನ್ನು ಕತ್ತರಿಸಲಾಗಿತ್ತು."

"ಈಗ ಇದರ ಕೆಳಗೆ ಹಾಕಿ."

ದೊಡ್ಡ ಸಾರ್ ಆ ಸಾಲನ್ನು ಎರಡು ಸಲ ಓದಿದರು. ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡರು.

ಶುಕ್ರವಾರ ಸಹಿಯಿಲ್ಲದ ರಿಜಿಸ್ಟರನ್ನೇ ಪರವಾನಗಿ ಕಚೇರಿಗೆ ಒಯ್ದು, ದೂರಿನ ಜೊತೆ ಕೊಟ್ಟಳು. ಆರು ವಾರಕ್ಕೆ ಉತ್ತರ ಬಂತು. ಸಹಿ ಇಲ್ಲದ್ದರಿಂದ ಎರಡು ವರ್ಷದ ಕೆಲಸ ಪರಿಗಣನೆಗೆ ಬರುವುದಿಲ್ಲ. ದೂರಿನ ಬಗ್ಗೆ ಹೇಳುವುದಾದರೆ, ಸಂಬಂಧಪಟ್ಟವರ ಕಚೇರಿಯಲ್ಲಿದ್ದ ಟೇಪು ಸರಿಯಾಗಿಯೇ ಇದೆ, ಹೊಸದಾಗಿದೆ. ಹೊಸದಾಗಿದೆ ಎಂದು ಬರೆದವನಿಗೆ ಯಾಕೆ ಹೊಸದು, ಯಾವತ್ತು ಕೊಂಡದ್ದು ಎಂದು ಕೇಳಬೇಕೆನ್ನಿಸಲಿಲ್ಲ. ಅನುಮಾನಪಡಲು ಸಂಬಳ ತೆಗೆದುಕೊಳ್ಳುವವರು ನಂಬಿಕೊಂಡು ಕೂತಿರುತ್ತಾರೆ.

"ಆ ಹಳೇ ಟೇಪನ್ನ ಅವನ ಮೇಜಿನ ಮೇಲೆ ಯಾಕೇ ಬಿಟ್ಟು ಬಂದೆ?" ಎಂದಳು ಅತ್ತೆ.

"ಅವರದಲ್ವಾ, ಅತ್ತೆ."

ಅತ್ತೆ ಸೂಜಿಪೆಟ್ಟಿಗೆ ಹತ್ತಿರ ಎಳೆದುಕೊಂಡಳು. "ಸರಿ, ಕೂತ್ಕೋ. ಇನ್ನೆರಡು ವರ್ಷ ಪೋಣಿಸ್ತೀನಿ."

ಟೈಲರಕ್ಕ ಇನ್ನೊಬ್ಬ ಹಿರಿಯರನ್ನು ಹುಡುಕಿ ಮೊದಲಿನಿಂದ ಶುರು ಮಾಡಿದಳು. ಮೊದಲ ದಿನವೇ ಅವರ ಟೇಪಿನ ತುದಿ ಕೇಳಿ ನೋಡಿ ಬೈಸಿಕೊಂಡಳು. ಪರವಾನಗಿ ಬಂದಾಗ ವಯಸ್ಸು ನಲವತ್ತೈದು. ದೊಡ್ಡ ಸಾರ್‌ಗೆ ಇವತ್ತಿಗೂ ಪುರಸೊತ್ತಿಲ್ಲ.

ಈಗ ಆಕೆ ಯಾವ ಮನೆಗೆ ಹೋದರೂ ಹೊಸ್ತಿಲ ಮೇಲೆ ತನ್ನ ಟೇಪಿನ ತುದಿಯನ್ನೂ ಹೊಲಿಗೆ ಟೇಪನ್ನೂ ಪಕ್ಕಪಕ್ಕ ಇಟ್ಟು, ಮನೆಯವರನ್ನು ಕರೆದು ತೋರಿಸುತ್ತಾಳೆ. ಹೋದ ವಾರ ಒಬ್ಬಾತ ಬಗ್ಗಿಯೂ ನೋಡದೆ ಹೆಂಡತಿಯ ಕಿವಿಯಲ್ಲಿ ಉಸುರಿದ. ಟೈಲರಕ್ಕನಿಗೂ ಕೇಳಿಸಿತು.

"ಇಷ್ಟೊಂದು ತೋರಿಸ್ತಿದಾಳೆ ಅಂದ್ರೆ ಏನೋ ಇದೆ. ಒಂದು ಕಣ್ಣಿಟ್ಟಿರು."

"ಇಡಿ," ಎಂದು ಟೈಲರಕ್ಕ ಟೇಪಿನ ತುದಿಯನ್ನು ಆ ಹೆಂಡತಿಯ ಕೈಗೆ ಕೊಟ್ಟಳು.