ಕೆಂಪಣ್ಣ ಮುಟ್ಟಿದ ದಾರ

ಕೆಂಪಣ್ಣನವರು ಒಣ ದಾರವನ್ನು ನಂಬುತ್ತಿರಲಿಲ್ಲ. ಗಾಳಕ್ಕೆಂದು ಯಾರು ಯಾವ ದಾರ ತೋರಿಸಿದರೂ ಅದರ ಒಂದು ಮಾರು ಬಿಚ್ಚಿ, ಪ್ಲಾಸ್ಟಿಕ್ ಮಗ್ಗಿನ ನೀರಿನಲ್ಲಿ ಮುಳುಗಿಸಿ, ಎರಡು ಬೀಡಿ ಮುಗಿಯುವ ತನಕ ಸುಮ್ಮನೆ ಕೂರುತ್ತಿದ್ದರು. ಆಮೇಲೆ ಎಳೆದು ನೋಡುತ್ತಿದ್ದರು. ನೈಲಾನ್ ದಾರ ನೀರು ಕುಡಿದರೆ ಒಂದಿಷ್ಟು ಬಲ ಕಳೆದುಕೊಳ್ಳುತ್ತದೆ. ಒಣಗಿದ್ದಾಗ ಜಗ್ಗಿ ನೋಡಿ ಕೊಂಡವನು ಕೆರೆಯಲ್ಲಿ ಮೋಸ ಹೋಗುತ್ತಾನೆ. ಇದನ್ನು ಅವರು ಒಂದೇ ಪ್ರಶ್ನೆಯಲ್ಲಿ ಮುಗಿಸುತ್ತಿದ್ದರು: "ಮೀನು ಅಂಗ್ಡೀಲಿ ಐತಾ, ನೀರಲ್ಲಿ ಐತಾ?"

ಅಂಗಡಿ ರುದ್ರೇಶನದು. ಚನ್ನಪಟ್ಟಣದಲ್ಲಿ ಹೆದ್ದಾರಿಯ ಪಕ್ಕಕ್ಕೆ ಇತ್ತು. ಹಗ್ಗ, ಬೀಗ, ಮೊಳೆ, ಪೈಪುಗಳ ನಡುವೆ ಒಂದು ಗೋಡೆಯ ತುಂಬ ಗಾಳದ ಸಾಮಾನು. ರುದ್ರೇಶ ಹಣೆಗೆ ವಿಭೂತಿ ಹಚ್ಚಿ ಗಲ್ಲಾ ಮುಂದೆ ಕೂರುವವನು. ಮೀನು ತಿಂದವನಲ್ಲ, ಹಿಡಿದವನೂ ಅಲ್ಲ. ಯಾವ ದಾರ ಒಳ್ಳೆಯದು ಎಂದು ಕೇಳಿದರೆ ಅವನು ಬಾಗಿಲ ಪಕ್ಕದ ಸ್ಟೂಲಿನತ್ತ ಗಲ್ಲ ಎತ್ತಿ ತೋರಿಸುತ್ತಿದ್ದ. ಸ್ಟೂಲಿನ ಮೇಲೆ ಕೆಂಪಣ್ಣ ಇರುತ್ತಿದ್ದರು.

ಅವರು ಮೂವತ್ತು ವರ್ಷ ರೇಷ್ಮೆ ನೂಲು ತೆಗೆದವರು. ಬಿಸಿನೀರಿನಲ್ಲಿ ಬೇಯುವ ಗೂಡುಗಳಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಯನ್ನು ಬೆರಳಿನಲ್ಲೇ ಹುಡುಕಿ ಎತ್ತುವ ಕೆಲಸ. ಅದನ್ನು ಬಿಟ್ಟ ಮೇಲೆ ಬೆರಳಿಗೆ ಬೇರೆ ದಾರ ಬೇಕಾಯಿತು ಎಂದು ತೋರುತ್ತದೆ. ಹೊಸ ಸರಕು ಬಂದ ದಿನ ಪ್ರತಿ ಉಂಡೆಯಿಂದಲೂ ಇಪ್ಪತ್ತು ಮಾರು ಬಿಚ್ಚಿ ಹೆಬ್ಬೆರಳು, ತೋರುಬೆರಳುಗಳ ನಡುವೆ ಹಾಯಿಸುತ್ತಿದ್ದರು. ಬೆರಳು ತಡೆದರೆ ಆ ಉಂಡೆ ವಾಪಸ್. ಸಾತನೂರಿನ ಕಡೆಯಿಂದ ಬರುವವರು ಕೂಡ ಕಂಪನಿಯ ಹೆಸರು ಕೇಳುತ್ತಿರಲಿಲ್ಲ. "ಕೆಂಪಣ್ಣ ಮುಟ್ಟವ್ರಾ?" ಎಂದಷ್ಟೇ ಕೇಳುತ್ತಿದ್ದರು.

ನಾನು ಪತ್ರಿಕೆಯ ವರದಿಗಾರನಾಗಿ ಈ ಊರಿಗೆ ಬಂದ ಹೊಸದರಲ್ಲಿ, ಭಾನುವಾರದ ಹವ್ಯಾಸಕ್ಕೆಂದು ಅಂಗಡಿಯಲ್ಲಿದ್ದ ಅತಿ ದಪ್ಪನೆಯ ದಾರವನ್ನು ಕೈಗೆತ್ತಿಕೊಂಡೆ.

"ಯಾಕ್ ಸಾರ್, ಎಮ್ಮೆ ಕಟ್ಟಾಕಕ್ಕಾ?" ಎಂದು ಸ್ಟೂಲಿನಿಂದ ಕೇಳಿತು.

ಗಟ್ಟಿ ಇರಲಿ ಅಂತ, ಎಂದೆ.

"ಗಟ್ಟಿ ಅಂದ್ರೆ ದಪ್ಪ ಅಲ್ಲ ಕಣಪ್ಪ. ದಡದಲ್ಲಿ ನಿಂತ್ಕಂಡು ಎಸೀತೀರೋ, ತೆಪ್ಪದಲ್ಲಿ ಕೂತ್ಕಂಡು ಎಳ್ಕಂಡು ಹೋಯ್ತೀರೋ?"

ಎರಡೂ, ಎಂದೆ.

"ಹಂಗಾದ್ರೆ ಎರಡು ದಾರ ತಗಳಿ. ಒಂದೇ ಚಪ್ಲೀಲಿ ಗದ್ದೆಗೂ ಇಳೀತೀನಿ, ಮದ್ವೆಗೂ ಹೋಯ್ತೀನಿ ಅಂದ್ರೆ ಆಯ್ತದಾ?"

ಆ ದಿನ ಕಲಿತದ್ದು ಇಂದಿಗೂ ಸುಳ್ಳಾಗಿಲ್ಲ. ಬೀಸಿ ಎಸೆಯಲು ಸಣ್ಣ, ಮೆತ್ತನೆಯ ದಾರ ಬೇಕು. ರೀಲಿನಿಂದ ಬಿಚ್ಚಿಟ್ಟರೆ ಸುರುಳಿ ಸುತ್ತಿಕೊಳ್ಳದೆ ಸಪ್ಪಗೆ ಬಿದ್ದಿರಬೇಕು. ತೆಪ್ಪದ ಹಿಂದೆ ಎಳೆದುಕೊಂಡು ಹೋಗುವುದಕ್ಕೆ ತುಸು ದಪ್ಪನೆಯದು, ಉಜ್ಜಾಟ ತಡೆಯುವುದು, ಸ್ವಲ್ಪ ಹಿಗ್ಗುವುದು ಬೇಕು. ತೆಪ್ಪ ಆ ಕಡೆ, ಮೀನು ಈ ಕಡೆ ಜಗ್ಗಿದಾಗ ಮೊದಲ ಪೆಟ್ಟು ದಾರವೇ ತಿನ್ನಬೇಕು.

ಸಣ್ಣ ಎಳೆಗಳನ್ನು ಜಡೆಯಂತೆ ಹೆಣೆದ ದಾರ ಮಾರುಕಟ್ಟೆಗೆ ಬಂದಾಗ ಕೆಂಪಣ್ಣನವರ ಗತ್ತು ಮುರಿಯುತ್ತದೆ ಎಂದು ಕೆಲವರು ಕಾದಿದ್ದರು. ಹಾರೋಹಳ್ಳಿಯ ಕಾರ್ಖಾನೆಯೊಂದರ ಫಿಟ್ಟರ್ ಮಂಜುನಾಥ ಒಂದು ಉಂಡೆ ತಂದು ಅವರ ತೊಡೆಯ ಮೇಲಿಟ್ಟ. "ಇದ್ರಲ್ಲಿ ಜೀಪ್ ಎಳೀಬೋದು ಕೆಂಪಣ್ಣ. ಇನ್ನ ನಿನ್ ನೈಲಾನೆಲ್ಲ ಮೂಲೆಗೆ."

ಕೆಂಪಣ್ಣ ಅದನ್ನೂ ನೆನೆಸಿದರು, ಎಳೆದರು, ತಲೆದೂಗಿದರು. ನಂತರ ಅಂಗಡಿಯ ಮೆಟ್ಟಿಲಿನ ಕಲ್ಲಿನ ಅಂಚಿಗೆ ಬಿಗಿಯಾಗಿ ಹಿಡಿದು ನಾಲ್ಕು ಬಾರಿ ಉಜ್ಜಿದರು. ಪಟ್ ಎಂದಿತು.

"ಜೀಪ್ ಎಳೀತದೆ, ಸರಿ. ನಮ್ ಕಡೆ ಕೆರೇಲಿ ಜೀಪ್‌ಗಿಂತ ಬಂಡೆ ಜಾಸ್ತಿ ಕಣ್ಲಾ."

ಹಾಗೆಂದು ಅವರು ಅದನ್ನು ತಳ್ಳಿಹಾಕಲಿಲ್ಲ. ದೂರ ಹಾರುವುದರಲ್ಲಿ ಅದರ ಸಮಕ್ಕೆ ಬೇರೆ ಇಲ್ಲ ಎಂದು ಒಪ್ಪಿಕೊಂಡು, ಅದರ ತುದಿಗೆ ಒಂದು ಮಾರು ನೈಲಾನ್ ಕಟ್ಟಿಕೊಟ್ಟರು. ಮಂಜುನಾಥ ಮುಂದಿನ ವಾರ ಅದರಲ್ಲೇ ಒಂದು ಕೊರಮೀನು ಹಿಡಿದು, ಅದನ್ನು ತೋರಿಸಲು ಅಂಗಡಿಗೇ ತಂದ. ರುದ್ರೇಶ ಹೊಸಿಲಿನಲ್ಲೇ ಕೈ ಅಡ್ಡ ಹಿಡಿದ.

ಮೂರು ವರ್ಷದ ಹಿಂದೆ ನನ್ನ ದಾರ ತುಂಡಾಯಿತು. ತೆಪ್ಪದಲ್ಲಿ ಹೋಗುವಾಗ ದೊಡ್ಡ ಬಾಳೆಮೀನೊಂದು ಸಿಕ್ಕಿ, ತೆಪ್ಪದ ಪಕ್ಕಕ್ಕೆ ಬಂದ ಮೇಲೆ ತಪ್ಪಿಸಿಕೊಂಡಿತು. ಆ ಕೆರೆಯಲ್ಲಿ ಬಂಡೆ ಇರಲಿಲ್ಲ. ಅಂಗಡಿಗೆ ಹೋಗಿ ಹೇಳಿದೆ. ರುದ್ರೇಶ ಅದೇ ಸರಕಿನ ಇನ್ನೊಂದು ಉಂಡೆ ಇಳಿಸಿಕೊಟ್ಟ. ಕೆಂಪಣ್ಣ ದಾರ ಹಾಯಿಸತೊಡಗಿದರು. ದಾರದಲ್ಲಿದ್ದ ಎಳ್ಳುಕಾಳಿನಷ್ಟು ಬೆಳ್ಳನೆಯ ಗಾಯವೊಂದು ಅವರ ಬೆರಳುಗಳ ನಡುವೆ ಹಾದುಹೋಗುವುದನ್ನು ನಾನು ಕಂಡೆ. ಬೆರಳು ನಿಲ್ಲಲಿಲ್ಲ.

ಅವರು ನನ್ನ ಮುಖ ನೋಡಿದರು.

"ಎಲ್ಲೈತೆ?"

ದಾರ ಹಿಂದಕ್ಕೆಳೆದು ಆ ಜಾಗದ ಮೇಲೆ ಅವರ ಬೆರಳನ್ನೇ ಇಟ್ಟೆ. ಒತ್ತಿದರು, ಉಜ್ಜಿದರು. ಏನೂ ತಿಳಿಯಲಿಲ್ಲ. ಕೊನೆಗೆ ದಾರವನ್ನು ಕೆಳತುಟಿಯ ಮೇಲೆ ಹಾಯಿಸಿದರು. ಕೈ ಥಟ್ಟನೆ ನಿಂತಿತು.

"ರುದ್ರೇಶಪ್ಪ," ಎಂದರು, ಗಿರಾಕಿಗಳೆಲ್ಲ ಕೇಳುವಂತೆ. "ನನ್ ಬೆರಳು ಸತ್ತೋಗವೆ. ಈ ಸರಕು ಯಾರ್‌ಯಾರಿಗೆ ಕೊಟ್ಟಿದ್ದೀಯೋ ಎಲ್ಲಾ ವಾಪಸ್ ತರಿಸು. ಇನ್ ಮ್ಯಾಲೆ ತುಟೀಲಿ ನೋಡ್ತೀನಿ."

ಮುಚ್ಚಿಟ್ಟಿದ್ದರೆ ನನ್ನ ಹೊರತು ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ರುದ್ರೇಶನಿಗೆ ಚಿಂತೆ ಹತ್ತಿದ್ದು ಬೇರೆ ವಿಷಯಕ್ಕೆ.

"ತುಟೀಲಾ? ಎಂಜಲು ಮಾಡಿ ಮಾರೋದಾ ಕೆಂಪಣ್ಣ? ಪೂಜೆ ಮಾಡೋ ಅಂಗ್ಡಿ ಇದು."

"ಮೀನಿಗೇನು ಮಡಿ ಐತಾ?"

"ಮೀನಿಗಿಲ್ಲ, ನನಗೈತಲ್ಲ."

ಎರಡು ದಿನ ಇಬ್ಬರೂ ಮುಖ ತಿರುಗಿಸಿಕೊಂಡಿದ್ದರು. ಗಿರಾಕಿಗಳು ಬಂದು, ಕೆಂಪಣ್ಣ ದಾರ ಮುಟ್ಟಿಲ್ಲವೆಂದು ತಿಳಿದು, ಯಾವ ದಾರವನ್ನೂ ಕೊಳ್ಳದೆ ಹೋಗತೊಡಗಿದರು. ಮೂರನೆಯ ದಿನ ಕೆಂಪಣ್ಣ ಗಲ್ಲಾ ದಾಟಿ ಒಳಗೆ ಹೋಗಿ, ರುದ್ರೇಶನ ಬಲಗೈ ಹಿಡಿದುಕೊಂಡರು.

"ಕಣ್ ಮುಚ್ಚು. ಮೀನು ಮುಟ್ಟು ಅಂತಿಲ್ಲ, ದಾರ ಮುಟ್ಟು."

ಆರು ತಿಂಗಳು ಆ ಪಾಠ ನಡೆಯಿತು. ಕೆಂಪಣ್ಣ ಸೂಜಿಮೊನೆಯಿಂದ ದಾರಕ್ಕೆ ಗೀರು ಹಾಕಿ ಕೊಡುತ್ತಿದ್ದರು. ರುದ್ರೇಶ ಕಣ್ಣು ಮುಚ್ಚಿ ಹುಡುಕುತ್ತಿದ್ದ. ತಪ್ಪಿದರೆ ಬೈಗುಳ: "ಲೇ, ಜಪಮಾಲೆ ಎಣಿಸ್ದಂಗೆ ಎಣಿಸ್ಬ್ಯಾಡ. ಒಸಿ ಸಡಿಲ ಬುಡು. ದಾರ ತಾನೇ ಹೇಳ್ತದೆ." ನೋಡಲು ನಿಂತ ಗಿರಾಕಿಗಳು ತಾವೂ ಒಂದು ಕೈ ನೋಡಿ ಸೋಲುತ್ತಿದ್ದರು.

ಅಂಗಡಿಯಲ್ಲಿ ಅವರನ್ನು ಕೊನೆಯದಾಗಿ ನೋಡಿದ್ದು ಹೊಸ ಸರಕು ಬಂದ ಒಂದು ಬೆಳಿಗ್ಗೆ. ಕೆಂಪಣ್ಣ ತಮ್ಮ ಸಮಾಧಾನಕ್ಕೆ ಒಂದು ಉಂಡೆಯನ್ನು ತುಟಿಯಲ್ಲಿ ನೋಡಿ ಸರಿಯಿದೆ ಎಂದರು. ರುದ್ರೇಶ ಅದೇ ದಾರವನ್ನು ಬೆರಳಲ್ಲಿ ಹಾಯಿಸುತ್ತ ಒಂದು ಕಡೆ ನಿಂತ.

"ಇಲ್ಲ ಕೆಂಪಣ್ಣ. ಇಲ್ಲೇನೋ ಐತೆ."

ಕೆಂಪಣ್ಣ ಮತ್ತೆ ತುಟಿಗೆ ತಾಗಿಸಿದರು. ಇಲ್ಲ ಎಂದು ತಲೆಯಾಡಿಸಿದರು. ನಾನು ಬೆಳಕಿಗೆ ಹಿಡಿದು ನೋಡಿದೆ, ನನಗೂ ಏನೂ ಕಾಣಲಿಲ್ಲ. ರುದ್ರೇಶ ಎರಡೂ ಕೈಗೆ ಸುತ್ತಿಕೊಂಡು ಜಗ್ಗಿದ. ದಾರ ಅವನು ಹೇಳಿದ ಜಾಗದಲ್ಲೇ ತುಂಡಾಯಿತು.

ಕೆಂಪಣ್ಣ ತುಂಡಾದ ತುದಿಯನ್ನು ನೋಡಿದರು. "ಸರಿ. ವಾಪಸ್ ಕಳ್ಸು," ಎಂದು ಎದ್ದು ಚಪ್ಪಲಿ ಮೆಟ್ಟಿದರು. ಮಾಗಡಿಯಲ್ಲಿ ಮಗಳ ಮನೆಯಿತ್ತು. ಬಹಳ ದಿನದಿಂದ ಕರೆಯುತ್ತಿದ್ದಳು. ಆ ವಾರವೇ ಹೊರಟರು. ಬಸ್ಸಿಗೆ ಬಿಡಲು ಹೋಗಿದ್ದೆ. ಸೀಟು ಹಿಡಿದು ಕೂತ ಮೇಲೆ ಕಿಟಕಿಯಿಂದ ಬಗ್ಗಿದರು.

"ಪೇಪರ್ ಸಾರ್, ಅವ್ನಿಗೊಂದು ಮಾತು ಹೇಳ್ಬುಡಿ. ಬಿಸಿನೀರಿಗೆ ಕೈ ಹಾಕ್ಬ್ಯಾಡ ಅನ್ನಿ. ನನ್ ಬೆರಳು ಹಂಗೇ ಹೋದ್ವು."

ಹೋಗಿ ಹೇಳಿದೆ. ರುದ್ರೇಶ ಹೂಂ ಎಂದ.

ಕೆಂಪಣ್ಣನವರು ಮಾಗಡಿಯಲ್ಲೇ ತೀರಿಕೊಂಡು ಎರಡು ಮಳೆಗಾಲ ಕಳೆದವು. ರುದ್ರೇಶ ಈಗಲೂ ಟೀ ಲೋಟವನ್ನು ಟವೆಲಿನ ತುದಿಯಲ್ಲಿ ಹಿಡಿದೇ ಕುಡಿಯುತ್ತಾನೆ.