ಎತ್ತಿಗೊಂದು ದಿನ

ಮೊಮ್ಮಗಳು ಕತೆ ಬರೆಯಲು ಒಂದು ಹೊಸ ಲೋಕವನ್ನೇ ಕಟ್ಟುತ್ತಿದ್ದಳು. ಭೀಮರಾಯನಗುಡಿಯಲ್ಲಿ ಕೃಷಿ ಓದುವ ಹುಡುಗಿ. ಆ ಲೋಕದಲ್ಲಿ ಎರಡು ಚಂದ್ರ, ವಾರಕ್ಕೆ ಒಂಬತ್ತು ದಿನ. ಗಡಿಯಾರ ಇಲ್ಲದವರು ಹೊತ್ತನ್ನು ಹೇಗೆ ತಿಳಿಯುತ್ತಾರೆ ಎಂದು ನನ್ನನ್ನು ಕೇಳಿದಳು. ಕುರಿ ಬಿಡುವ ಹೊತ್ತು, ನೆರಳು ಕಾಲಡಿಗೆ ಬರುವ ಹೊತ್ತು, ಕುರಿ ಮನೆಗೆ ತಿರುಗುವ ಹೊತ್ತು ಎಂದೆ. ಎಲ್ಲ ಬರೆದುಕೊಂಡಳು. ಸೋಮವಾರ ನಾವು ಎತ್ತು ಹೂಡುವುದಿಲ್ಲ ಎಂದೆ. ಕೂಡಲೇ ಹಾಳೆಯಲ್ಲಿ ವಾರದ ದಿನಗಳಿಗೆಂದು ಗೀಚಿದ್ದ ಒಂಬತ್ತು ಚೌಕಗಳಲ್ಲಿ ಒಂದರಲ್ಲಿ ‘ಎತ್ತಿನ ದಿನ’ ಎಂದು ಬರೆದಳು.

“ಹೆಂಗಸರ ದಿನ ಯಾವುದು?” ಎಂದು ಕೇಳಿದೆ.

“ಅಂದ್ರ?”

“ಒಲಿ ಹಚ್ಚಲಾರದ ದಿನ.”

ನಕ್ಕಳು. “ಅದನ್ನ ಯಾರು ನಂಬ್ತಾರ ಆಯಿ? ಅವತ್ತ ಅಡಗಿ ಯಾರು ಮಾಡ್ಬೇಕು?”

ನನಗೆ ಮೈಯೆಲ್ಲ ಉರಿಯಿತು. ನಾನು ಈ ಮನೆಗೆ ಬಂದಾಗಿನಿಂದ ಎತ್ತುಗಳು ಒಂದು ಸೋಮವಾರವೂ ತಪ್ಪದೆ ನಿಂತು ಮೇವು ತಿಂದಿವೆ. ಆ ಮೇವು ಹಾಕಿದವಳು ನಾನು. ಜ್ವರದಲ್ಲೂ ರೊಟ್ಟಿ ಬಡಿದಿದ್ದೇನೆ. ಹೆರಿಗೆ ನೋವು ಶುರುವಾದಾಗಲೂ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿಯೇ ಎದ್ದಿದ್ದೆ.

“ಎರಡು ಚಂದ್ರ ನಂಬ್ತಾರ, ಹೆಂಗಸು ಒಂದಿನ ಸುಮ್ನ ಕುಂತ್ರ ನಂಬಂಗಿಲ್ಲೇನು? ಅಡಗಿ ಉಣ್ಣಾವ್ರು ಮಾಡ್ಲಿ! ಲೋಕ ಮಾಡಾಕಿ ನೀನು, ಅಲ್ಲೂ ನಮ್ಮನ್ನ ಒಲಿ ಮುಂದೇ ಕುಂದರಸ್ತಿ?”

ಅವಳ ಕೈಯಿಂದ ಪೆನ್ನು ಕಸಿದುಕೊಂಡೆ. ನನಗೆ ಬರುವ ಅಕ್ಷರ ಕಡಿಮೆ. ಎತ್ತಿನ ದಿನದ ಪಕ್ಕದ ಚೌಕದಲ್ಲಿ ‘ಒಲಿ ಹಚ್ಚಂಗಿಲ್ಲ’ ಎಂದು ಸೊಟ್ಟಗೆ ಬರೆದೆ. ಅಳಿಸಲು ಹೋದರೆ ಹಾಳೆಯೇ ಹರಿಯಬೇಕು, ಅಷ್ಟು ಒತ್ತಿ ಬರೆದೆ.