ಕುಂದಾದ ಕೊನೆಯ ತುಂಡು

ನೌಬಾದದ ಮನೆಯ ಪಡಸಾಲೆಯಲ್ಲಿ ಮೊಮ್ಮಗಳು ಚಿತ್ರ ಬಿಡಿಸಲು ಬಣ್ಣ ಕಲಸುತ್ತಿದ್ದಳು. ಸಣ್ಣ ಶೀಸೆಯ ಮುಚ್ಚಳ ತೆಗೆದಳೋ ಇಲ್ಲವೋ, ಅಗಸೆ ಎಣ್ಣೆಯ ವಾಸನೆ ಬಂತು. ರೊಟ್ಟಿಗೆ ಅಗಸಿ ಹಿಂಡಿ ಹಚ್ಚಿಕೊಂಡು ಬೆಳೆದವಳು ನಾನು, ಅಗಸೆ ನನಗೆ ಹೊಸದಲ್ಲ. ಆದರೆ ಇದು ಹಿಂಡಿಯ ವಾಸನೆಯಲ್ಲ, ಕಟ್ಟಿಗೆಗೆ ಎಣ್ಣೆ ಕುಡಿಸಿದಾಗ ಬರುವ ವಾಸನೆ. ಕೂತಲ್ಲಿ ಕೂರಲಾಗಲಿಲ್ಲ. ಅಂಗಳಕ್ಕೆ ಹೋದೆ, ಒಳಗೆ ಬಂದೆ, ಮತ್ತೆ ಹೋದೆ. ಔರಾದಿನ ಬಡಿಗೇರ ಕಾಕಾ ನೆನಪಾದರೆ ಹೀಗೇ… ಈ ವಯಸ್ಸಿನಲ್ಲೂ ನನ್ನ ಕಾಲಿಗೆ ಸಮಾಧಾನವಿಲ್ಲ.

ಅದು ನಿಜಾಮರ ಕಾಲ. ನಮ್ಮದು ಠಾಣಾ ಕುಶನೂರಿನ ಪಕ್ಕದ ಹಳ್ಳಿ. ತಂದೆತಾಯಿ ಪ್ಲೇಗಿನಲ್ಲಿ ಹೋದ ಮೇಲೆ ನನ್ನನ್ನು ಸಾಕಿದವರು ಅಜ್ಜ ಅಜ್ಜಿ. ನಮ್ಮ ಬಾಯಲ್ಲಿ ಮುತ್ಯಾ, ಆಯಿ. ಮುತ್ಯಾನ ಬಳಿ ಸರ್ಕಾರದ ಪರವಾನಗಿಯ ಒಂದು ಬಂದೂಕಿತ್ತು. ಜೋಳ ಹಾಲುಗಾಳಾಗುವ ಹೊತ್ತಿಗೆ ಕಾಡುಹಂದಿಗಳು ಹೊಲಕ್ಕೆ ನುಗ್ಗುತ್ತಿದ್ದವು. ನಮ್ಮದು ಲಿಂಗ ಕಟ್ಟಿದ ಮನೆ, ಕೊಲ್ಲುವ ಮಾತೇ ಇಲ್ಲ. ಹಂದಿಯ ಮೂತಿಯ ಮುಂದಿನ ಮಣ್ಣು ಹಾರುವಂತೆ ಹೊಡೆದು ಅದನ್ನು ತಿರುಗಿಸಿ ಓಡಿಸಬೇಕು. ಕೊಲ್ಲುವುದಕ್ಕಿಂತ ಇದೇ ಕಷ್ಟ. ಮುತ್ಯಾನ ಕಣ್ಣಿಗೆ ಪೊರೆ ಬಂದು ಹಂದಿ ಯಾವುದು, ಮಣ್ಣು ಯಾವುದು ತಿಳಿಯದಾದಾಗ ಬಂದೂಕು ನನ್ನ ಕೈಗೆ ಬಂತು. ಆಗ ನಾನು ಇನ್ನೂ ಚಿಕ್ಕವಳು. ಬಂದೂಕಿನ ಕುಂದಾ, ಅಂದರೆ ಭುಜಕ್ಕೆ ಒತ್ತಿ ಹಿಡಿಯುವ ಕಟ್ಟಿಗೆಯ ಭಾಗ, ನನಗೆ ಎಷ್ಟು ಉದ್ದವಾಗಿತ್ತೆಂದರೆ ಬೆರಳು ಗುಂಡು ಹಾರಿಸುವ ಕುದುರೆಗೆ ಎಟುಕುತ್ತಲೇ ಇರಲಿಲ್ಲ.

ಮುತ್ಯಾ ಚಕ್ಕಡಿ ಹೂಡಿಸಿ ನನ್ನನ್ನು ಔರಾದಿಗೆ ಕರೆದೊಯ್ದ. ಬಡಿಗೇರ ಕಾಕಾ ನೇಗಿಲು, ಕೂರಿಗೆ ಮಾಡುವವನು. ಕುಂದಾದ ತುದಿಯನ್ನು ನನ್ನ ಮೊಣಕೈಯ ಮಡಿಕೆಗೆ ಒತ್ತಿ, ಬೆರಳು ಎಲ್ಲಿಯವರೆಗೆ ಬರುತ್ತದೆಂದು ನೋಡಿದ. ಆಮೇಲೆ ಹಿಂಭಾಗವನ್ನು ಹೋಳು ಹೋಳಾಗಿ ಕೊಯ್ದ. ಆದರೆ ಯಾವ ಹೋಳನ್ನೂ ಎಸೆಯಲಿಲ್ಲ. ನಾನು ಬೆಳೆದಂತೆ, ಪ್ರತಿವರ್ಷ ಸುಗ್ಗಿ ಮುಗಿದ ಮೇಲೆ, ಒಂದೊಂದನ್ನೇ ತಿರುಪು ಹಾಕಿ ಮತ್ತೆ ಕೂಡಿಸಿ ಅಗಸೆ ಎಣ್ಣೆ ತಿಕ್ಕುವುದು ಎಂದು ಮಾತಾಯಿತು.

ಆಯಿ ಈ ಮಾತನ್ನೇ ಹಿಡಿದುಕೊಂಡಳು. ಹೆಣ್ಣುಹುಡುಗಿ ಬಂದೂಕು ಹಿಡಿದು ಹೊಲ ಸುತ್ತುವುದು ಅವಳಿಗೆ ಮೊದಲೇ ಸೇರದು.

"ಕುಂದಾ ಪೂರಾ ಆದ ವರ್ಷನೇ ಹುಡುಗಿ ಲಗ್ನ. ಆಮ್ಯಾಲ ನನಗ ಏನೂ ಹೇಳಬ್ಯಾಡ್ರಿ," ಎಂದು ಮುತ್ಯಾನಿಂದ ಮಾತು ತೆಗೆದುಕೊಂಡಳು.

ಬೇರೆ ಮಕ್ಕಳಿಗೆ ಬೆಳೆಯುವುದೆಂದರೆ ಖುಷಿ. ನನಗೆ ಅದೇ ಹೆದರಿಕೆಯಾಯಿತು. ಓರಗೆಯ ಹುಡುಗಿಯರು ಒಬ್ಬೊಬ್ಬರಾಗಿ ಗಂಡನ ಮನೆ ಸೇರುತ್ತಿದ್ದರು, ನಾನು ತೊಗರಿ ಸಾಲುಗಳ ನಡುವೆ ಗಾಳಿ ಹೊಕ್ಕವಳಂತೆ ಓಡಾಡುತ್ತಿದ್ದೆ. ಆ ಓಡಾಟ ಬಿಟ್ಟು ಬದುಕುವುದು ಹೇಗೆಂದು ನನಗೆ ತಿಳಿಯುತ್ತಲೇ ಇರಲಿಲ್ಲ. ಸುಗ್ಗಿ ಮುಗಿಯಿತೆಂದರೆ ನಿದ್ದೆ ಹತ್ತುತ್ತಿರಲಿಲ್ಲ. ಔರಾದಿಗೆ ಹೋದಾಗ ಭುಜ ಕುಗ್ಗಿಸಿ, ಮೊಣಕೈ ಎಳೆದುಕೊಂಡು ಅಳತೆ ಕೊಡುತ್ತಿದ್ದೆ. ಗಿಡ್ಡ ಕುಂದಾದ ಬಂದೂಕು ಸುಮ್ಮನಿರುತ್ತದೆಯೇ? ಒಂದು ವರ್ಷ ಗುಂಡು ಹಾರಿಸುವಾಗ ಅದು ಹಿಂದಕ್ಕೆ ಒದ್ದು, ನನ್ನದೇ ಹೆಬ್ಬೆರಳು ಬಡಿದು ತುಟಿ ಒಡೆಯಿತು.

"ತುಟಿಗಿ ಏನಾಗ್ಯಾದ?" ಎಂದು ಕಾಕಾ ಕೇಳಿದ.

"ಬಿದ್ದೀನಿ, ಕಾಕಾ."

"ನೆಟ್ಟಗ ನಿಂದ್ರು, ಅವ್ವಿ. ನೀ ಸುಳ್ಳ ಹೇಳಬಹುದು, ಬಂದೂಕ ಹೇಳಂಗಿಲ್ಲ."

ಸರಿಯಾಗಿ ಅಳೆದು ಆ ವರ್ಷದ ತುಂಡನ್ನು ಕೂಡಿಸಿಯೇಬಿಟ್ಟ. ನನಗೆ ಸಿಟ್ಟು ನೆತ್ತಿಗೇರಿತು. ದಾರಿಯುದ್ದಕ್ಕೂ ಅವನನ್ನು ಮನಸ್ಸಿನಲ್ಲೇ ಬೈಯುತ್ತ ಬಂದೆ. ಇನ್ನು ಉಳಿದದ್ದು ಒಂದೇ ತುಂಡು.

ಮರುವರ್ಷ ಆಯಿಯೂ ಚಕ್ಕಡಿ ಹತ್ತಿದಳು. ಭಾಲ್ಕಿಯಲ್ಲಿ ವರ ನೋಡಿಯಾಗಿತ್ತು. ಕಾಕಾ ಅವಳನ್ನು ತನ್ನ ಹೊರಸಿನ ಮೇಲೆ ಕೂಡಿಸಿ ನೀರು ಬೆಲ್ಲ ಕೊಟ್ಟ. ನನ್ನ ಅಳತೆ ತೆಗೆದುಕೊಂಡ. ನಾನು ಅಳು ನುಂಗಿಕೊಂಡು ನೆಟ್ಟಗೇ ನಿಂತಿದ್ದೆ. ಅವನು ಒಂದು ಗಳಿಗೆ ನನ್ನ ಮುಖ ನೋಡಿದ, ಆಮೇಲೆ ಆಯಿಯ ಕಡೆ ತಿರುಗಿದ.

"ಕೊನೀ ತುಂಡು ಹುಳಾ ತಿಂದಾವ್ರಿ, ಅವ್ವಾರ. ಪೂರಾ ಹಿಟ್ಟಾಗ್ಯಾದ. ಇದು ಅಕ್ರೋಟ ಕಟ್ಟಿಗಿ, ಹೈದರಾಬಾದಿನಿಂದ ಬರಬೇಕ್ರಿ."

"ಜಾಲಿ ಕಟ್ಟಿಗಿ ಹಚ್ಚು. ಅದಕ್ಕೇನಾಗ್ತದ?"

"ತೂಕ ತಪ್ತದ್ರಿ. ಮಣ್ಣಿಗಿ ಬೀಳೋ ಗುಂಡು ಹಂದಿಗಿ ಬಡದ್ರ ಆ ಪಾಪ ಯಾರ ತಲಿಗಿ?"

ಆಯಿ ಕೊರಳ ಲಿಂಗ ಮುಟ್ಟಿಕೊಂಡಳು. ನಾನು ತಲೆ ತಗ್ಗಿಸಿದಾಗ ಕಂಡದ್ದು ಹೊರಸಿನ ಗಿಡ್ಡ ಕಾಲು. ಅದು ಅಲ್ಲಾಡದಂತೆ ಕೆಳಗೆ ಇಟ್ಟಿದ್ದದ್ದು ಅದೇ ಕೊನೆಯ ತುಂಡು, ಒಂದು ಹುಳವೂ ಮುಟ್ಟದ್ದು! ಆಯಿ ಅದರ ಮೇಲೆಯೇ ದೊಡ್ಡಸ್ತಿಕೆಯಿಂದ ಕೂತಿದ್ದಳು. ನನಗೆ ನಗು ತಡೆಯಲಾಗದೆ ಕೆಮ್ಮಿದೆ.

"ಅಲ್ಲೀತನ ಹುಡುಗಿ ಭುಜಕ್ಕ ಒಂದು ಕೌದಿ ತುಂಡು ಹೊಲದು ಕೊಡ್ರಿ. ಎರಡು ಬಟ್ಟು ದಪ್ಪ ಇರ್ಲಿ, ಒದಿ ತಾಗಂಗಿಲ್ಲ," ಎಂದ ಕಾಕಾ.

ಆ ತುಂಡೂ ಎರಡು ಬೆರಳಷ್ಟೇ ದಪ್ಪ. ಆಯಿ ಹಳೆಯ ಇಳಕಲ್ ಸೀರೆ ಮಡಚಿ, ಒತ್ತಾಗಿ ಹೊಲಿಗೆ ಹಾಕಿ ಕೊಟ್ಟಳು. ಭುಜದ ಮೇಲೆ ಅದನ್ನಿಟ್ಟರೆ ಬಂದೂಕು ನನ್ನ ಅಳತೆಗೆ ತಕ್ಕಂತೆ ಕೂರುತ್ತಿತ್ತು, ಕುಂದಾ ಮಾತ್ರ ಪೂರಾ ಆಗಿರಲಿಲ್ಲ. ಆಯಿಗೆ ಗೊತ್ತಿತ್ತೋ, ಇರಲಿಲ್ಲವೋ… ಇಂದಿಗೂ ನನಗೆ ತಿಳಿಯದು. ಮರುವರ್ಷವೂ ಹೈದರಾಬಾದಿನಿಂದ ಅಕ್ರೋಟ ಬರಲಿಲ್ಲ. ಅಂಥ ಎರಡು ಸುಗ್ಗಿ ನನ್ನ ಜೀವನದಲ್ಲಿ ಮತ್ತೆ ಬರಲಿಲ್ಲ.

ಮುತ್ಯಾ ತೀರಿಕೊಂಡ. ಆಮೇಲೆ ಬಂದೂಕಿನ ಮಾತನ್ನು ಯಾರೂ ಎತ್ತಲಿಲ್ಲ, ಬೇರೆ ಮನೆ ಮಾಡಿಕೊಂಡಿದ್ದ ದೊಡ್ಡಪ್ಪ ಬಂದು ಭಾಲ್ಕಿಗೇ ಲಗ್ನ ಗೊತ್ತುಮಾಡಿದ. ಹಂದರದ ಕಂಬ ನಿಲ್ಲಿಸಲು ಕಾಕಾ ಬಂದಿದ್ದ. ಮೈಗೆ ಅರಿಶಿಣ ಹಚ್ಚಿಕೊಂಡಿದ್ದ ನಾನು ಬಾಗಿಲ ಮರೆಯಿಂದಲೇ ಕೇಳಿದೆ.

"ಕಾಕಾ, ತುಂಡು ಎಲ್ಲದ?"

"ಹೊರಸಿನ ಕೆಳಗೇ ಅದ, ತಾಯಿ. ತೆಗದ್ರ ಹೊರಸು ಅಲ್ಲಾಡ್ತದ," ಎಂದ. ನಗಲು ಹೋದ, ಆಗಲಿಲ್ಲ. ರುಮಾಲಿನ ಚುಂಗಿನಿಂದ ಕಣ್ಣೊರೆಸಿಕೊಂಡು ಕಂಬಕ್ಕೆ ಹಾರೆ ಹಾಕಿದ.

ಮರುವರ್ಷ ಊರೂರಿಗೆ ಜ್ವರ ಹಬ್ಬಿತು. ಕಾಕಾ ಹೋದ ಸುದ್ದಿ ಭಾಲ್ಕಿಗೆ ಬಂದಾಗ ಅವನನ್ನು ಮಣ್ಣು ಮಾಡಿ ತಿಂಗಳ ಮೇಲಾಗಿತ್ತು. ಹೊಸ ಸೊಸೆಗೆ ಬಡಿಗನ ಸಲುವಾಗಿ ಅಳುವ ಸಲುಗೆ ಎಲ್ಲಿಂದ ಬರಬೇಕು? ಹಿತ್ತಲಲ್ಲಿ ಕತ್ತಲಾಗುವತನಕ ತಿರುಗಾಡಿದೆ. ಬಂದೂಕು ದೊಡ್ಡಪ್ಪನ ಮಕ್ಕಳ ಕೈ ಸೇರಿತು. ಹಿಡಿದವರೆಲ್ಲ ಇದು ಭುಜಕ್ಕೇ ಕೂರುವುದಿಲ್ಲ ಎಂದು ಗೊಣಗುತ್ತಿದ್ದರಂತೆ. ಕೊನೆಗೆ ಠಾಣೆಗೆ ಒಪ್ಪಿಸಿದರು.

ಅಂಗಳದಿಂದ ಒಳಗೆ ಬಂದು, ಮೊಮ್ಮಗಳ ಚಿತ್ರದ ಹಲಗೆಗೆ ಒರಗಿಸಿದ್ದ ಕೋಲನ್ನು ಎತ್ತಿಕೊಂಡೆ. ತುದಿಯನ್ನು ಮೊಣಕೈಯ ಮಡಿಕೆಗೆ ಒತ್ತಿ ಬೆರಳು ಚಾಚಿದೆ.

"ಏನ್ ಮಾಡ್ಲತ್ತಿ, ಆಯಿ?" ಎಂದಳು ಮೊಮ್ಮಗಳು.

"ಅಳತಿ ನೋಡ್ಲತ್ತೀನಿ."

ಬೆನ್ನು ಬಾಗಿದೆ, ಭುಜ ಕುಗ್ಗಿದೆ. ಈ ಸಲ ನಾನೇನೂ ಬೇಕೆಂದು ಕುಗ್ಗಿಸಿದ್ದಲ್ಲ. ಕೊನೆಯ ತುಂಡೂ ಬೇಡ, ಕೌದಿಯೂ ಬೇಡ, ಆ ಬಂದೂಕು ಈಗ ನನಗೆ ಸರಿಯಾಗಿ ಕೂರುತ್ತದೆ. ಹೌದೆನ್ನಲು ಕಾಕಾ ಇಲ್ಲ.